ಉಳುವವಳ ಹೆಸರು ಯಾವ ಕಾಲಂನಲ್ಲಿದೆ?

ಈ ವರ್ಷ ಗ್ರಾಮೀಣಾಭಿವೃದ್ಧಿ, ಮಹಿಳಾ ಅಧ್ಯಯನ, ಕೃಷಿ ಅರ್ಥಶಾಸ್ತ್ರ ವಿಭಾಗಗಳಲ್ಲಿ ಸಂಶೋಧನೆಗೆ ಸೇರಿದ ಪ್ರೀತಿಯ ವಿದ್ಯಾರ್ಥಿಗಳೇ,

ಮಾರ್ಗದರ್ಶಕರು ಸಿಕ್ಕಿದ್ದಾರೆ, ವಿಷಯ ಇನ್ನೂ ಗಟ್ಟಿಯಾಗಿಲ್ಲ, ಪ್ರಶ್ನಾವಳಿಯ ಕರಡು ಕೈಯಲ್ಲಿದೆ. ನಿಮ್ಮಲ್ಲಿ ಬಹಳ ಮಂದಿ ಈಗ ಈ ಹಂತದಲ್ಲಿದ್ದೀರಿ. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಲ್ಲಿರಲಿ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿರಲಿ, ಧಾರವಾಡ, ರಾಯಚೂರು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿರಲಿ, ಮಳೆಗಾಲ ಮುಗಿಯುತ್ತಲೇ ಹಳ್ಳಿಯ ಕಡೆ ಹೊರಡುವವರು ನೀವು. ಮೂವತ್ತು ವರ್ಷ ಇದೇ ವಿಷಯದ ಪಾಠ ಹೇಳಿ ನಿವೃತ್ತಳಾದ ನಾನು, ನೀವು ಹೊರಡುವ ಮುಂಚೆ ಒಂದು ಮಾತು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಆ ಮಾತನ್ನು ನೀವು ಮನಗಾಣಬೇಕಾದರೆ ಒಬ್ಬ ವಿದುಷಿಯ ನಲವತ್ತು ವರ್ಷಗಳ ಕೆಲಸವನ್ನೂ ನನ್ನದೇ ಒಂದು ತಪ್ಪನ್ನೂ ನಿಮ್ಮ ಮುಂದಿಡಬೇಕು.

ತಪ್ಪಿನಿಂದಲೇ ಶುರು ಮಾಡುತ್ತೇನೆ. ಎಂಬತ್ತರ ದಶಕದ ಕೊನೆ. ಒಂದು ಸಮೀಕ್ಷೆಗೆ ಮಾಹಿತಿ ಸಂಗ್ರಹಿಸುವವಳಾಗಿ ಈಗಿನ ಕೊಪ್ಪಳ ಜಿಲ್ಲೆಯ ಒಂದು ಎರೆ ಸೀಮೆಯ ಊರಿಗೆ ಹೋಗಿದ್ದೆ. ಆಗಿನ್ನೂ ಅದು ರಾಯಚೂರು ಜಿಲ್ಲೆ. ಹಿಂಗಾರಿ ಜೋಳದ ಸುಗ್ಗಿ ನಡೆದಿತ್ತು. ಕಟ್ಟೆಯ ಮೇಲೆ ಕೂತ ಮನೆಯ ಯಜಮಾನರು ಜಮೀನು ಎಷ್ಟು, ಎತ್ತು ಎಷ್ಟು, ಸಾಲ ಎಷ್ಟು ಎಂದು ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ‘ನಿಮ್ಮ ಮನೆಯವರು ಏನು ಕೆಲಸ ಮಾಡುತ್ತಾರೆ?’ ಎಂದು ಕೇಳಿದೆ. ‘ಆಕಿ ಏನ್ ಮಾಡ್ತಾಳ್ರೀ, ಮನ್ಯಾಗ ಇರ್ತಾಳ’ ಅಂದರು. ಅದೇ ಹೊತ್ತಿಗೆ ಆ ತಾಯಿ ತಲೆಯ ಮೇಲೆ ಕಣಿಕಿ ಹೊರೆ ಹೊತ್ತು ಬಾಗಿಲಿಗೆ ಬಂದರು. ಹೊರೆಯನ್ನು ಗ್ವಾದಲಿಯ ಪಕ್ಕ ಇಳಿಸಿ, ಸಿಂಬಿ ತೆಗೆದು ಹಣೆ ಒರೆಸಿಕೊಂಡರು. ಮೊಣಕೈವರೆಗೂ ರವದಿ ಗೀರಿದ ಸಣ್ಣ ಸಣ್ಣ ಗೆರೆಗಳು, ಕೆಲವದರಲ್ಲಿ ರಕ್ತ ಇನ್ನೂ ಒಣಗಿರಲಿಲ್ಲ. ಅದೇ ಕೈ ತೊಳೆದು ನಮಗೆ ನೀರು, ಬೆಲ್ಲ ತಂದುಕೊಟ್ಟರು. ನಾನು ನೀರು ಕುಡಿದು, ನಮೂನೆಯಲ್ಲಿ ಅವರ ಹೆಸರಿನ ಮುಂದೆ ‘ಗೃಹಿಣಿ’ ಎಂದು ಬರೆದೆ. ಯಾಕೆಂದರೆ ಉತ್ತರ ಕೊಟ್ಟವರು ಹಾಗೆ ಹೇಳಿದ್ದರು, ಮತ್ತು ನಮ್ಮ ನಮೂನೆ ಅವರನ್ನಷ್ಟೇ ಕೇಳಲು ಹೇಳಿತ್ತು.

ಕಣ್ಣೆದುರು ಕಂಡದ್ದನ್ನು ಬಿಟ್ಟು ಕಿವಿಗೆ ಬಿದ್ದದ್ದನ್ನು ಬರೆದ ಆ ಸಾಲು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದಾಗಿ ಕೆಲವು ವರ್ಷಕ್ಕೆ ಗ್ರಂಥಾಲಯದಲ್ಲಿ ನನ್ನ ಕೈಗೆ ಸಿಕ್ಕಿದ್ದು ಆ ವಿದುಷಿ, ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಅವರ ‘ಎ ಫೀಲ್ಡ್ ಆಫ್ ಒನ್ಸ್ ಓನ್’. 1994ರಲ್ಲಿ ಬಂದ ಪುಸ್ತಕ. ವರ್ಜೀನಿಯಾ ವೂಲ್ಫ್ ಬರೆಯುವ ಹೆಣ್ಣಿಗೆ ತನ್ನದೇ ಕೋಣೆ ಬೇಕೆಂದಿದ್ದರು. ಬೀನಾ ದುಡಿಯುವ ಹೆಣ್ಣಿಗೆ ತನ್ನದೇ ಹೊಲ ಬೇಕೆಂದರು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ ಐದೂ ದೇಶಗಳ ಕಾನೂನು, ರೂಢಿ, ಮದುವೆಯ ಪದ್ಧತಿ, ಹೋರಾಟಗಳನ್ನು ಒಂದೆಡೆ ತಂದು ಅವರು ಹೇಳಿದ್ದು ಇಷ್ಟು: ಹಳ್ಳಿಯ ಹೆಣ್ಣಿಗೆ ಕೂಲಿ, ಸಾಲ, ತರಬೇತಿ ಎಲ್ಲವನ್ನೂ ಕೊಡಲು ಹೊರಟಿರಿ, ಆದರೆ ಭೂಮಿಯ ಮಾತು ಮಾತ್ರ ಎತ್ತಲಿಲ್ಲ.

ಈ ಪುಸ್ತಕ ಒಮ್ಮೆಗೇ ಹುಟ್ಟಿದ್ದಲ್ಲ. ನೀವು ಗಮನಿಸಬೇಕಾದ್ದು ಇಲ್ಲಿದೆ. ಅವರ ಮೊದಲ ಸಂಶೋಧನೆ ಪಂಜಾಬಿನ ಕೃಷಿ ಯಾಂತ್ರೀಕರಣದ ಮೇಲೆ. ಪುಸ್ತಕವಾಗಿ ಬಂದದ್ದು 1983ರಲ್ಲಿ. ಟ್ರ್ಯಾಕ್ಟರಿನಿಂದ ಅವರು ಸೌದೆಗೆ ಬಂದರು. 1986ರ ‘ಕೋಲ್ಡ್ ಹಾರ್ತ್ಸ್ ಅಂಡ್ ಬ್ಯಾರನ್ ಸ್ಲೋಪ್ಸ್’ ಉರುವಲಿನ ಕೊರತೆಯನ್ನು ಕುರಿತದ್ದು. ಹೊಗೆ ಕಡಿಮೆ ಮಾಡುವ ಒಲೆ ತಯಾರಾಗುತ್ತದೆ, ಮನೆ ಮನೆಗೆ ಹೋಗುತ್ತದೆ, ಆದರೂ ಯಾಕೆ ಮೂಲೆ ಸೇರುತ್ತದೆ? ಹೊಗೆ ಕುಡಿಯುವವಳು ಒಬ್ಬಳು, ಒಲೆಗೆ ದುಡ್ಡು ಕೊಡುವುದೋ ಬೇಡವೋ ಎಂದು ತೀರ್ಮಾನಿಸುವವನು ಇನ್ನೊಬ್ಬ, ಒಲೆಯ ವಿನ್ಯಾಸ ಮಾಡಿದವರು ಅಡುಗೆಮನೆಗೆ ಕಾಲಿಟ್ಟವರೇ ಅಲ್ಲ. ನಮ್ಮಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಬಂದ ಕಾಲ ಅದು. ಒಲೆಯ ವಿಜ್ಞಾನ ಚೆನ್ನಾಗಿಯೇ ಇತ್ತು. ಯಾವ ಒಲೆಯಾದರೂ ಉಳಿಯುವುದು ಅದರ ಮುಂದೆ ಕೂರುವವಳ ಮಾತಿಗೆ ಮನೆಯಲ್ಲಿ ತೂಕ ಇದ್ದಾಗ ಎಂಬುದನ್ನು ನಾನು ಕಲಿತದ್ದು ಅವರ ಪುಸ್ತಕದಿಂದ.

1992ರಲ್ಲಿ ಅವರು ಬರೆದ ಒಂದು ಲೇಖನವನ್ನು ನಿಮ್ಮಲ್ಲಿ ಪರಿಸರದ ಮೇಲೆ ಕೆಲಸ ಮಾಡುವವರು ಬಿಡದೆ ಓದಬೇಕು. ಹೆಣ್ಣು ಪ್ರಕೃತಿಗೆ ಹತ್ತಿರ, ಆಕೆ ಹುಟ್ಟಿನಿಂದಲೇ ಪೊರೆಯುವವಳು, ಆದ್ದರಿಂದ ಕಾಡನ್ನು ಆಕೆಯೇ ಕಾಯುತ್ತಾಳೆ ಎಂಬ ಮಾತು ಆಗ ಬಹಳ ಜನಪ್ರಿಯವಾಗಿತ್ತು, ಈಗಲೂ ಇದೆ. ಕೇಳಲು ಹಿತ. ಬೀನಾ ಅದನ್ನು ಒಪ್ಪಲಿಲ್ಲ. ಹೆಣ್ಣಿಗೆ ಕಾಡಿನ ನಂಟು ರಕ್ತದಲ್ಲಿ ಬಂದದ್ದಲ್ಲ, ಕೆಲಸದಲ್ಲಿ ಬಂದದ್ದು. ಸೌದೆ, ಮೇವು, ನೀರು ತರುವ ಕೆಲಸ ಅವಳ ಪಾಲಿಗೆ ಬಿದ್ದಿದೆ, ಆಸ್ತಿ ಅವಳ ಪಾಲಿಗೆ ಬಿದ್ದಿಲ್ಲ. ಹಾಗಾಗಿ ಊರ ಗೋಮಾಳ ಒತ್ತುವರಿಯಾದರೆ ಮೊದಲು ಹೊಡೆತ ತಿನ್ನುವವಳು ಅವಳು. ಅದರಲ್ಲೂ ಜಮೀನಿಲ್ಲದ ಮನೆಯವಳು. ಹೊಗಳಿಕೆಗೆ ಮರುಳಾಗದೆ ಲೆಕ್ಕ ಕೇಳಿದ ಈ ನಿಲುವು ನನಗೆ ಅವರ ಇಡೀ ಬದುಕಿನ ಕೆಲಸದಲ್ಲೇ ಬಹು ಮುಖ್ಯ ಎನಿಸುತ್ತದೆ. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಭೂಮಿತಾಯಿ ಬಸುರಿ ಎಂದು ಬಯಕೆಯ ಊಟ ಬಡಿಸುತ್ತೇವೆ. ಆ ಊಟಕ್ಕೆ ಹಿಂದಿನ ರಾತ್ರಿ ಪೂರ್ತಿ ರೊಟ್ಟಿ ತಟ್ಟಿದವಳ ಹೆಸರಿನಲ್ಲಿ ಅದೇ ಭೂಮಿಯ ಒಂದು ಗುಂಟೆಯೂ ಇಲ್ಲ.

ಈಗ ನಮ್ಮ ನಾಡಿನ ಒಂದು ಘೋಷಣೆಗೆ ಬರುತ್ತೇನೆ. ‘ಉಳುವವನೇ ಹೊಲದೊಡೆಯ’. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ದೇವರಾಜ ಅರಸರ ಕಾಲದ ಆ ಕಾನೂನಿನಿಂದ ಲಕ್ಷಾಂತರ ಗೇಣಿದಾರರು ಭೂಮಿಯ ಒಡೆಯರಾದರು. ಅದರ ಬಗ್ಗೆ ನನಗೆ ಗೌರವವಿದೆ, ನನ್ನ ತವರಿನ ಹೊಲ ಬಂದದ್ದೂ ಹಾಗೆಯೇ. ಆದರೆ ಆ ಪದವನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ: ಉಳುವವನು. ಹೆಣ್ಣು ನೇಗಿಲು ಹಿಡಿಯಬಾರದೆಂಬ ಕಟ್ಟಳೆ ನಮ್ಮ ಎಷ್ಟೋ ಊರುಗಳಲ್ಲಿದೆ. ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಟ್ಟಲಿಗೆ ಒಂದೇ ಹದದಲ್ಲಿ ಕಾಳು ಬಿಡುವವಳು ಹೆಣ್ಣು. ಆ ಕೈ ತಪ್ಪಿದರೆ ಸಾಲು ಬೋಳಾಗುತ್ತದೆ. ಕಳೆ ತೆಗೆಯುವವಳು, ಬೀಜ ಆರಿಸಿ ಬೂದಿ ಬೆರೆಸಿ ಮಡಕೆಯಲ್ಲಿ ಕಾಪಾಡುವವಳು ಹೆಣ್ಣು. ನೇಗಿಲೊಂದನ್ನು ಮಾತ್ರ ಅವಳಿಂದ ದೂರವಿಟ್ಟು, ಆ ನೇಗಿಲನ್ನೇ ಒಡೆತನದ ಗುರುತಾಗಿ ಮಾಡಿದೆವು. ಭೂ ನ್ಯಾಯಮಂಡಳಿಯ ಮುಂದೆ ನಮೂನೆ 7 ತುಂಬಿ ನಿಂತವರು ಹೆಚ್ಚಾಗಿ ಮನೆಯ ಗಂಡಸರು. ನೇಗಿಲಿನ ಈ ನಿಷೇಧದ ಬಗ್ಗೆ ಬೀನಾ ಬರೆದದ್ದನ್ನು ಓದುವವರೆಗೆ ಆ ಘೋಷಣೆಯಲ್ಲಿ ನನ್ನ ತಾಯಿ ಇಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ. ಆಕೆ ನಲವತ್ತು ವರ್ಷ ಅದೇ ಹೊಲದಲ್ಲಿ ಬಿತ್ತಿದವಳು.

ಹೆಸರು ಇದ್ದರೇನು, ಇಲ್ಲದಿದ್ದರೇನು, ಅನ್ನ ಎಲ್ಲರೂ ಒಟ್ಟಿಗೇ ಉಣ್ಣುತ್ತಾರಲ್ಲ ಎಂದು ನಿಮ್ಮನ್ನು ಕೇಳುವವರು ಸಿಗುತ್ತಾರೆ. ಹೆಸರಿಲ್ಲದವಳಿಗೆ ಸೊಸೈಟಿಯಲ್ಲಿ ಬೆಳೆ ಸಾಲವಿಲ್ಲ. 2019ರಿಂದ ಬರುತ್ತಿರುವ ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ ಎಲ್ಲವೂ ಅದೇ ದಾರಿಯಲ್ಲಿ. ಗ್ರಾಮೀಣ ಭಾರತದಲ್ಲಿ ದುಡಿಯುವ ಹೆಂಗಸರಲ್ಲಿ ಸುಮಾರು ಮುಕ್ಕಾಲು ಪಾಲು ಕೃಷಿಯಲ್ಲಿದ್ದಾರೆ. 2015–16ರ ಕೃಷಿ ಗಣತಿಯಲ್ಲಿ ಹೆಂಗಸರು ನಡೆಸುವ ಹಿಡುವಳಿಗಳು ನೂರಕ್ಕೆ ಸುಮಾರು 14 ಮಾತ್ರ. ಇನ್ನು ನಮ್ಮ ರಾಜ್ಯದ್ದೇ ಲೆಕ್ಕ ಬೇಕೆಂದರೆ, ಬೆಂಗಳೂರಿನ ಐಐಎಂನ ಸಂಶೋಧಕರೂ ಸೇರಿ ಕರ್ನಾಟಕ, ಘಾನಾ, ಈಕ್ವೆಡಾರ್‌ಗಳಲ್ಲಿ ನಡೆಸಿದ ಆಸ್ತಿ ಸಮೀಕ್ಷೆಯಿದೆ. ಗಂಡ ಹೆಂಡಿರ ಒಟ್ಟು ಸಂಪತ್ತಿನಲ್ಲಿ ಹೆಂಡತಿಯ ಪಾಲು ಈಕ್ವೆಡಾರ್‌ನಲ್ಲಿ ಶೇ. 44, ಘಾನಾದಲ್ಲಿ ಶೇ. 19, ಕರ್ನಾಟಕದಲ್ಲಿ ಶೇ. 9.

ಹೊಡೆತಕ್ಕೂ ಆಸ್ತಿಗೂ ಏನು ಸಂಬಂಧ ಎಂದು ಕೇಳಿದ ಅಧ್ಯಯನವೂ ಬೀನಾ ಅವರದ್ದೇ, ಪ್ರದೀಪ್ ಪಾಂಡಾ ಅವರೊಡನೆ ಮಾಡಿದ್ದು. ಕೇರಳದ ತಿರುವನಂತಪುರ ಜಿಲ್ಲೆಯ ಐನೂರಕ್ಕೂ ಹೆಚ್ಚು ಮನೆಗಳ ಹೆಂಗಸರನ್ನು ಮಾತಾಡಿಸಿದರು. ಹೊಲವೂ ಮನೆಯೂ ತನ್ನ ಹೆಸರಿನಲ್ಲಿಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ದೀರ್ಘಕಾಲ ಹೊಡೆತ ತಿಂದವರು. ಹೊಲವಿದ್ದವರಲ್ಲಿ 18, ಮನೆಯಿದ್ದವರಲ್ಲಿ 10, ಎರಡೂ ಇದ್ದವರಲ್ಲಿ 7. ಇದನ್ನು 2005ರಲ್ಲಿ ಪ್ರಕಟಿಸಿದರು. ನಾನು ತರಗತಿಯಲ್ಲಿ ಈ ನಾಲ್ಕು ಅಂಕಿಗಳನ್ನು ಹಲಗೆಯ ಮೇಲೆ ಬರೆದು ಏನೂ ಹೇಳದೆ ನಿಲ್ಲುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಯಾರಾದರೊಬ್ಬ ಹುಡುಗಿ ತಲೆ ತಗ್ಗಿಸುವಳು. ಹೋಗಲು ಇನ್ನೊಂದು ಬಾಗಿಲಿದೆ ಎಂದು ಗಂಡನಿಗೆ ಗೊತ್ತಿದ್ದರೆ ಅವನ ಕೈ ತಡೆಯುತ್ತದೆ.

2005 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 4(2)ನೇ ಕಲಮಿನಲ್ಲಿ ಒಂದು ಕಿಂಡಿ ಬಿಟ್ಟಿದ್ದರು: ಹಿಡುವಳಿಗೆ ಸಂಬಂಧಿಸಿದ ರಾಜ್ಯಗಳ ಕಾನೂನಿಗೆ ಈ ಕಾಯ್ದೆ ಅಡ್ಡಿಯಾಗದು ಎಂದು. ಆ ಕಿಂಡಿಯಿಂದ ಉತ್ತರದ ಹಲವು ರಾಜ್ಯಗಳಲ್ಲಿ ಕೃಷಿಭೂಮಿ ಹೆಣ್ಣುಮಕ್ಕಳ ಕೈತಪ್ಪಿ ಹೋಗುತ್ತಿತ್ತು. 2004ರ ಡಿಸೆಂಬರಿನಲ್ಲಿ ಸರ್ಕಾರ ತಿದ್ದುಪಡಿ ಮಸೂದೆ ತಂದಾಗಲೂ ಈ ಕಲಮನ್ನು ಮುಟ್ಟಿರಲಿಲ್ಲ. ಹತ್ತು ವರ್ಷ ಮುಂಚೆಯೇ ಇದನ್ನು ಎತ್ತಿ ತೋರಿಸಿದ್ದ ಬೀನಾ ಸುಮ್ಮನೆ ಕೂರಲಿಲ್ಲ. ಮಹಿಳಾ ಸಂಘಟನೆಗಳನ್ನು, ವಕೀಲರನ್ನು ಜೊತೆಗೂಡಿಸಿಕೊಂಡು ಮನವಿ ಬರೆದರು, ಸಂಸದರ, ಮಂತ್ರಿಗಳ ಬಾಗಿಲಿಗೆ ಅಲೆದರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ಕಲಮು ಇರಲಿಲ್ಲ. ಸಂಶೋಧನೆ ಸಮಾಜಕ್ಕೆ ಏನು ಮಾಡುತ್ತದೆ ಎಂದು ನಿಮ್ಮನ್ನು ಕೇಳಿದವರಿಗೆ ಇದೊಂದನ್ನು ಹೇಳಿ. 2008ರ ಪದ್ಮಶ್ರೀ, 2017ರ ಬಾಲ್ಜಾನ್ ಪ್ರಶಸ್ತಿ ಎಲ್ಲ ಆಮೇಲೆ ಬಂದವು.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಕರ್ನಾಟಕ ದೆಹಲಿಗಿಂತ ಮುಂದಿತ್ತು. 1994ರಲ್ಲೇ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಅದೇ ಹುಟ್ಟಿನ ಹಕ್ಕು ಕೊಟ್ಟ 2005ರ ತಿದ್ದುಪಡಿಯ ನಂತರವೂ ವ್ಯಾಜ್ಯ ನಿಲ್ಲಲಿಲ್ಲ. ತಂದೆ 2005ರ ಸೆಪ್ಟೆಂಬರ್ 9ಕ್ಕೆ ಬದುಕಿರಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2001ರಲ್ಲೇ ತೀರಿಕೊಂಡ ತಂದೆಯ ಹೆಣ್ಣುಮಕ್ಕಳಿಗೂ ಪಾಲುಂಟು ಎಂದು 2018ರಲ್ಲಿ ಹೇಳಿತು. ಎರಡೂ ನಮ್ಮ ರಾಜ್ಯದಿಂದಲೇ ಹೋದ ದಾವೆಗಳು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಕಳೆಯಿತು: ಹಕ್ಕು ಹುಟ್ಟಿನಿಂದ ಬರುವುದು, ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ.

ಕಾನೂನು ಇಷ್ಟು ಸ್ಪಷ್ಟವಾದ ಮೇಲೂ ಪಹಣಿ ಯಾಕೆ ಬದಲಾಗಲಿಲ್ಲ? ಉಪನೋಂದಣಿ ಕಚೇರಿಯ ಮುಂದಿನ ಬೆಂಚಿನ ಮೇಲೆ ಒಂದು ಬೆಳಗ್ಗೆ ಕೂತುಕೊಳ್ಳಿ. ಮೂವರು ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೊತ್ತಲು ಬಂದಿರುತ್ತಾರೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು, ಒಂದೊಂದು ಸೀರೆ. ‘ನಮಗ್ಯಾಕೆ ಬೇಕ್ರೀ ಹೊಲ, ಪಂಚಮಿಗೆ ಅಣ್ಣ ಕರಿಯಾಕ ಬಂದ್ರ ಸಾಕು’ ಎಂಬ ಮಾತನ್ನು ನಾನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಇದನ್ನು ಅಜ್ಞಾನ ಎಂದು ಬರೆದುಕೊಂಡು ಎದ್ದುಬರಬೇಡಿ. ಬೀನಾ ಇದನ್ನು ಅಜ್ಞಾನ ಎನ್ನಲಿಲ್ಲ. ಗಂಡ ಕೈಬಿಟ್ಟರೆ, ತೀರಿಕೊಂಡರೆ, ತಿರುಗಿ ಹೋಗಲು ಅವಳಿಗಿರುವುದು ತವರೊಂದೇ. ಆ ಬಾಗಿಲು ತೆರೆದಿರಲೆಂದು ಅವಳು ಕೊಡುವ ಬೆಲೆ ಅವಳ ಪಾಲಿನ ಭೂಮಿ. ಅವಳು ಲೆಕ್ಕ ಹಾಕಿಯೇ ಬಿಟ್ಟುಕೊಡುತ್ತಾಳೆ. ಅವಳ ಕೈಯಲ್ಲಿ ಬೇರೆ ಆಸರೆ ಇಲ್ಲದ್ದರಿಂದ ಆ ಲೆಕ್ಕ ಹಾಗಿದೆ. ಇಷ್ಟು ಅರ್ಥವಾದರೆ ನಿಮ್ಮ ಪ್ರಬಂಧ ‘ಮಹಿಳೆಯರಲ್ಲಿ ಜಾಗೃತಿ ಮೂಡಿಸಬೇಕು’ ಎಂಬ ಸವಕಲು ಶಿಫಾರಸಿನಲ್ಲಿ ಮುಗಿಯುವುದಿಲ್ಲ.

ಹೆಸರು ಬಂದ ಮಾತ್ರಕ್ಕೆ ಹಿಡಿತ ಬಂದಂತಲ್ಲ ಎಂಬುದನ್ನೂ ಅವರು ಒತ್ತಿ ಹೇಳುತ್ತಾರೆ. ನಮ್ಮ ಕರಾವಳಿಯ ಅಳಿಯಕಟ್ಟನ್ನೇ ನೋಡಿ. ಆಸ್ತಿ ತಾಯಿಯ ಬಳ್ಳಿಯಲ್ಲಿ ಹರಿದರೂ ಯಜಮಾನಿಕೆ ಬಹುಪಾಲು ಸೋದರಮಾವನದಾಗಿತ್ತು. ಇವತ್ತೂ ತೆರಿಗೆಗಾಗಿ, ಸಬ್ಸಿಡಿಗಾಗಿ ಹೆಂಡತಿಯ ಹೆಸರಿಗೆ ಮಾಡಿಸಿದ ಹೊಲಗಳಿವೆ. ಬೆಳೆ ಮಾರಿದ ದುಡ್ಡನ್ನು ಆಕೆ ಎಣಿಸಿಲ್ಲ. ಅದಕ್ಕೇ ಅವರ ಮುಂದಿನ ಕೆಲಸ ಸಮಿತಿಗಳ ಮೇಲೆ. ಗುಜರಾತ್ ಮತ್ತು ನೇಪಾಳದ ನೂರಕ್ಕೂ ಹೆಚ್ಚು ಸಮುದಾಯ ಅರಣ್ಯ ಸಂಘಗಳನ್ನು ನೋಡಿ, ಕಾರ್ಯಕಾರಿ ಸಮಿತಿಯಲ್ಲಿ ಹೆಂಗಸರು ನಾಲ್ಕರಲ್ಲಿ ಒಂದರಿಂದ ಮೂರರಲ್ಲಿ ಒಂದು ಪಾಲಿನಷ್ಟಿದ್ದರೆ ಅವರು ಬಾಯಿ ಬಿಟ್ಟು ಮಾತಾಡುತ್ತಾರೆ ಎಂದು ತೋರಿಸಿದರು. ನೇಪಾಳದಲ್ಲಿ ಬರೀ ಹೆಂಗಸರ ಸಮಿತಿಗಳಿಗೆ ಸಿಕ್ಕಿದ್ದು ಚಿಕ್ಕ, ಹಾಳುಬಿದ್ದ ಕಾಡು. ಅವೇ ಚೆನ್ನಾಗಿ ಚಿಗುರಿದವು. ನಿಮ್ಮ ಊರಿನ ಗ್ರಾಮ ಅರಣ್ಯ ಸಮಿತಿಯ ನಡಾವಳಿ ಪುಸ್ತಕ ತೆರೆದು, ಸಹಿ ಎಷ್ಟು ಎಂದು ಎಣಿಸಿದರೆ ಸಾಲದು. ಮಾತಾಡಿದವರು ಯಾರು ಎಂದು ಆ ಹೆಂಗಸರನ್ನೇ ಕೇಳಬೇಕು.

ಇನ್ನೂ ಒಂದು ತೊಡಕಿದೆ. ಅಪ್ಪನಿಗೇ ಭೂಮಿ ಇಲ್ಲದಿದ್ದರೆ ಮಗಳಿಗೆ ಎಲ್ಲಿಯ ಪಾಲು? ಎಷ್ಟೋ ದಲಿತ ಹೆಣ್ಣುಮಕ್ಕಳಿಗೆ ಉತ್ತರಾಧಿಕಾರ ಕಾಯ್ದೆ ಖಾಲಿ ಪಾತ್ರೆ. ಮುಸ್ಲಿಂ ಹೆಣ್ಣುಮಕ್ಕಳಿಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ, 1937ರ ಷರೀಅತ್ ಕಾಯ್ದೆಯ ಮೂಲ ರೂಪವೂ ಕೃಷಿಭೂಮಿಯನ್ನು ಹೊರಗಿಟ್ಟಿತ್ತು. ಈ ಕಡೆಯಿಂದ ಯೋಚಿಸುತ್ತಲೇ ಬೀನಾ ಗುಂಪು ಬೇಸಾಯದತ್ತ ಬಂದರು. ಐದಾರು ಹೆಂಗಸರು ಸೇರಿ ಭೂಮಿ ಲಾವಣಿಗೆ ಹಿಡಿದು, ದುಡಿಮೆ, ಖರ್ಚು, ಲಾಭ ಹಂಚಿಕೊಳ್ಳುವ ಪದ್ಧತಿ. ಕೇರಳದ ಕುಟುಂಬಶ್ರೀ ಗುಂಪುಗಳಲ್ಲಿ ಹೆಕ್ಟೇರಿನ ವಾರ್ಷಿಕ ಉತ್ಪನ್ನದ ಬೆಲೆ ಒಬ್ಬೊಬ್ಬರ ಬೇಸಾಯಕ್ಕಿಂತ 1.8 ಪಟ್ಟು ಇತ್ತೆಂದು ಅವರು ಲೆಕ್ಕ ಕೊಟ್ಟರು. ತೆಲಂಗಾಣದ ಗುಂಪುಗಳು ಅಷ್ಟು ಇಳುವರಿ ತೆಗೆಯಲಿಲ್ಲ. ಅದನ್ನೂ ಮರೆಮಾಚದೆ ಬರೆದರು. ತಮಗೆ ಪ್ರಿಯವಾದ ವಾದಕ್ಕೆ ಒಗ್ಗದ ಅಂಕಿಯನ್ನೂ ಪಕ್ಕದಲ್ಲೇ ಇಡುವ ಈ ಪ್ರಾಮಾಣಿಕತೆಯನ್ನು ಅವರಿಂದ ಕಲಿಯಿರಿ. ನಮ್ಮ ರಾಜ್ಯದಲ್ಲಿ ಲಾವಣಿ ಕಾನೂನಿನ ಕಣ್ಣಿಗೆ ಬೀಳದಂತೆ ಬಾಯಿಮಾತಿನಲ್ಲಿ ನಡೆಯುತ್ತದೆ. ಗೇಣಿ ತೆಗೆದ ಕಾನೂನಿನ ನಾಡಿನಲ್ಲಿ ಭೂಮಿ ಇಲ್ಲದ ಹೆಂಗಸರ ಗುಂಪು ಯಾವ ಕಾಗದದ ಬಲದ ಮೇಲೆ ಬೆಳೆ ಸಾಲ ಕೇಳಬೇಕು? ಇದರ ಮೇಲೆ ಕನ್ನಡದಲ್ಲಿ ಒಂದು ಗಟ್ಟಿ ಪ್ರಬಂಧ ಬರಲಿ ಎಂದು ನಾನು ಕಾಯುತ್ತಿದ್ದೇನೆ.

ಹಾಗಾದರೆ ಊರಿಗೆ ಹೋದಾಗ ಏನು ಮಾಡಬೇಕು? ಮೊದಲು ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಒಡೆಯರ ಹೆಸರಿರುತ್ತದೆ, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು. ಎರಡನ್ನೂ ಓದಿ, ಆಮೇಲೆ ಅದೇ ಹೊಲಕ್ಕೆ ನಡೆದು ಹೋಗಿ ಅಲ್ಲಿ ಬಗ್ಗಿ ಕೆಲಸ ಮಾಡುತ್ತಿರುವವರು ಯಾರೆಂದು ನೋಡಿ. ಪೌತಿ ಖಾತೆಗೆ ಕೊಟ್ಟ ವಂಶವೃಕ್ಷ ಸಿಕ್ಕರೆ, ಅದರಲ್ಲಿ ಹೆಣ್ಣುಮಕ್ಕಳ ಕೊಂಬೆ ಇದೆಯೋ ಕಡಿದಿದ್ದಾರೋ ಪರೀಕ್ಷಿಸಿ. ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ, ಅವರಿಗೆ ಬಿಡುವಾದ ಹೊತ್ತಿಗೆ. ಆ ಹೊತ್ತು ನಿಮ್ಮ ಬಸ್ಸಿನ ಹೊತ್ತಿಗೆ ಹೊಂದುವುದಿಲ್ಲ. ರಾತ್ರಿ ಊರಲ್ಲೇ ಉಳಿಯಬೇಕಾಗುತ್ತದೆ, ಉಳಿಯಿರಿ.

ಆ ಎರೆ ಸೀಮೆಯ ಊರಿಗೆ ನಾನು ನಿವೃತ್ತಿಗೆ ಮುಂಚಿನ ವರ್ಷ ಮತ್ತೆ ಹೋಗಿದ್ದೆ. ಆ ತಾಯಿ ತೀರಿಕೊಂಡಿದ್ದರು. ಹೊಲ ಮೂವರು ಗಂಡುಮಕ್ಕಳ ಹೆಸರಿಗೆ ಆಗಿತ್ತು. ಇಬ್ಬರು ಹೆಣ್ಣುಮಕ್ಕಳು ಬಿಡುಗಡೆ ಬರೆದುಕೊಟ್ಟಿದ್ದರು. ನಾನು ಬರೆದ ‘ಗೃಹಿಣಿ’ ಎಂಬ ಪದ ಯಾವುದೋ ವರದಿಯ ಕೋಷ್ಟಕದಲ್ಲಿ ಒಂದು ಅಂಕಿಯಾಗಿ ಸೇರಿಹೋಗಿದೆ. ಅದನ್ನು ಈಗ ಯಾರೂ ತಿದ್ದಲಾರರು.

ನಿಮ್ಮ ಪ್ರಶ್ನಾವಳಿ ಇನ್ನೂ ಕರಡು. ಅದರ ಮೊದಲ ಪುಟದಲ್ಲಿ ‘ಕುಟುಂಬದ ಯಜಮಾನನ ಹೆಸರು’ ಎಂಬ ಸಾಲಿದ್ದರೆ, ದಯವಿಟ್ಟು ಅಚ್ಚಿಗೆ ಕೊಡುವ ಮುಂಚೆ ಅದನ್ನು ಹೊಡೆದುಹಾಕಿ. ಆ ಜಾಗದಲ್ಲಿ ಮನೆಯ ಪ್ರತಿಯೊಬ್ಬ ವಯಸ್ಕರ ಹೆಸರಿಗೂ ಒಂದೊಂದು ಸಾಲು ಬಿಡಿ, ಪಕ್ಕದಲ್ಲಿ ‘ಇವರ ಹೆಸರಿನಲ್ಲಿ ಎಷ್ಟು ಎಕರೆ, ಎಷ್ಟು ಗುಂಟೆ’ ಎಂದು ಕೇಳಿ.

ಪ್ರೀತಿಯಿಂದ,
ನಿಮ್ಮ ಹಿರಿಯ ಸಹಪಾಠಿ